ಯಾವ ಉಪ್ಪು? ಯಾರಿಗೆ ಉಪ್ಪು?

ಇವತ್ತು ರಾಜಕೀಯ ಬೇಡ. ಇವತ್ತು ನೇರವಾಗಿ ನಿಮ್ಮ ಅಡುಗೆಮನೆಗೆ ಬರ್ತೀನಿ. ಒಲೆಯ ಪಕ್ಕದಲ್ಲಿ, ಕಣ್ಣು ಮುಚ್ಚಿದರೂ ಕೈಗೆ ಸಿಗೋ ಹಾಗೆ ಇಟ್ಟಿರ್ತೀರಲ್ಲ ಉಪ್ಪಿನ ಡಬ್ಬಿ, ಅದರ ಬಗ್ಗೆ ಮಾತಾಡೋಣ. ಆದರೆ ಅದಕ್ಕೂ ಮೊದಲು ನಾನು ಒಂದು ತಪ್ಪು ಒಪ್ಪಿಕೊಳ್ಳಬೇಕು. ಇದೇ ಕುರ್ಚಿಯಲ್ಲಿ ಕೂತು ನಾನು ಓದಿದ ಒಂದು ಸುದ್ದಿ, ನಮ್ಮ ಮನೆಯವರನ್ನೇ ಆಸ್ಪತ್ರೆಗೆ ಸೇರಿಸಿತ್ತು. ಸುದ್ದಿ ಸುಳ್ಳಾಗಿರಲಿಲ್ಲ. ಅರ್ಧ ಆಗಿತ್ತು ಅಷ್ಟೆ.

2021ರ ಆಗಸ್ಟ್ ಕೊನೆಯ ವಾರ. ಚೀನಾದಿಂದ ಒಂದು ದೊಡ್ಡ ಸಂಶೋಧನೆಯ ಫಲಿತಾಂಶ ಬಂತು. ಅಲ್ಲಿನ 600 ಹಳ್ಳಿಗಳು, ಸುಮಾರು 21 ಸಾವಿರ ಜನ. ಎಲ್ಲರೂ ಒಂದೋ ಹಿಂದೆ ಪಾರ್ಶ್ವವಾಯು ಹೊಡೆದವರು, ಇಲ್ಲವೇ ಅರವತ್ತು ದಾಟಿ ಬಿಪಿ ಇದ್ದವರು. ಅರ್ಧ ಹಳ್ಳಿಗಳು ಎಂದಿನ ಉಪ್ಪನ್ನೇ ತಿಂದವು. ಇನ್ನರ್ಧ ಹಳ್ಳಿಗಳಿಗೆ ಬೇರೆ ಉಪ್ಪು ಕೊಟ್ಟರು. ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ನಮ್ಮ ಮಾಮೂಲಿ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್. ಉಳಿದ ಒಂದು ಪಾಲು ಪೊಟ್ಯಾಸಿಯಂ ಕ್ಲೋರೈಡ್. ಹತ್ತಿರ ಹತ್ತಿರ ಐದು ವರ್ಷ ನೋಡಿದರು. ಉಪ್ಪು ಬದಲಾಯಿಸಿದ ಹಳ್ಳಿಗಳಲ್ಲಿ ಪಾರ್ಶ್ವವಾಯು ಶೇಕಡಾ 14ರಷ್ಟು ಕಡಿಮೆ. ಸಾವು ಶೇಕಡಾ 12ರಷ್ಟು ಕಡಿಮೆ. ಮಾತ್ರೆ ಇಲ್ಲ, ಆಪರೇಷನ್ ಇಲ್ಲ, ಬರೀ ಉಪ್ಪಿನ ಪ್ಯಾಕೆಟ್ ಬದಲಾಗಿದ್ದು.

ಇಂಥ ಸುದ್ದಿ ಸಿಕ್ಕರೆ ಯಾವ ಆ್ಯಂಕರ್ ಬಿಡ್ತಾನೆ? ನಾನೂ ಬಿಡಲಿಲ್ಲ. ದೊಡ್ಡ ಅಕ್ಷರದಲ್ಲಿ "ಉಪ್ಪು ಬದಲಿಸಿ, ಪ್ರಾಣ ಉಳಿಸಿ" ಅಂತ ಹಾಕಿ, ಎರಡೂವರೆ ನಿಮಿಷ ಓದಿದೆ. ಓದಿ ಮುಗಿಸಿ ಹೊರಗೆ ಬರೋಷ್ಟರಲ್ಲಿ ಫೋನು. ಕೊಣ್ಣೂರಿನಿಂದ ನಮ್ಮ ಅತ್ತಿ.

"ತಮ್ಮಾ, ನೀ ಟೀವಿಯೊಳಗ ಹೇಳಿದ್ದು ಕೇಳಿದೆ ನೋಡಪಾ. ನಿಮ್ಮ ಮಾಮಾಗ ಬಿಪಿ ಐತಲ್ಲಾ. ಆ ಉಪ್ಪು ನಮ್ಮ ಕಡೆ ಸಿಗಂಗಿಲ್ಲ. ದೀಪಾವಳಿಗೆ ಬರೂಮುಂದ ತಗೊಂಡು ಬಾ."

ಕೊಣ್ಣೂರು ಗೊತ್ತಲ್ಲ? ಗೋಕಾಕ ಫಾಲ್ಸ್ ಹತ್ತಿರದ ಊರು. ಘಟಪ್ರಭೆ 52 ಮೀಟರ್ ಎತ್ತರದಿಂದ ಧುಮುಕೋ ಜಾಗ, ತೂಗುಸೇತುವೆ, ಅದರ ಪಕ್ಕದಲ್ಲೇ ನೂಲಿನ ಮಿಲ್ಲು. ನಮ್ಮ ಸೋದರಮಾವ ಆ ಮಿಲ್ಲಿನಲ್ಲಿ ಮೂವತ್ತು ವರ್ಷ ಪಾಳಿ ಮಾಡಿ ನಿವೃತ್ತರಾದವರು. ಅವರ ಇಡೀ ಜೀವನ ಮಿಲ್ಲಿನ ಭೋಂಗಾ ಕೇಳಿಕೊಂಡೇ ನಡೆದಿದ್ದು. ಸಣ್ಣವನಿದ್ದಾಗ ರಜೆಗೆ ಹೋದರೆ, ಮಾಮಾ ಪಾಳಿ ಮುಗಿಸಿ ಬಂದು ಊಟಕ್ಕೆ ಕೂತಿದ್ದು ಇನ್ನೂ ಕಣ್ಣ ಮುಂದಿದೆ. ತಾಟಿನ ಮೂಲೆಯಲ್ಲಿ ಒಂದು ಗುಪ್ಪಿ ಉಪ್ಪು. ಅದರ ಪಕ್ಕ ಶೇಂಗಾ ಚಟ್ನಿ, ಕೆಂಪು ರಂಜಕ, ಉಪ್ಪಿನಕಾಯಿ. ಉಪ್ಪು ಸರಿ ಇದ್ದರೂ ಪಲ್ಯಕ್ಕೆ ಮತ್ತೊಂದು ಚಿಟಿಕೆ. ಮಜ್ಜಿಗೆಗೂ ಒಂದು ಚಿಟಿಕೆ. ಯಾರಾದರೂ ಕೇಳಿದರೆ ಒಂದೇ ಉತ್ತರ: "ಬೆವರು ಸುರಿಸೋ ಮಂದಿ ನಾವು. ಉಪ್ಪು ಬೇಕ ಬೇಕು."

ಅವರ ಮಾತಲ್ಲಿ ಸತ್ಯ ಇತ್ತು. ಸೆಖೆಯಲ್ಲಿ ಎಂಟು ತಾಸು ನಿಂತು ದುಡಿಯೋ ಮೈಯಿಂದ ಬೆವರಿನ ಜೊತೆ ಉಪ್ಪೂ ಹೋಗುತ್ತೆ. ಆದರೆ ಮಾಮಾ ನಿವೃತ್ತರಾದ ಮೇಲೆ ಬೆವರು ನಿಂತಿತು, ಕೈಯ ಅಳತೆ ನಿಲ್ಲಲಿಲ್ಲ. ಇದು ನಮ್ಮ ಮಾಮಾನ ಕಥೆ ಮಾತ್ರ ಅಲ್ಲ. ಹೊಲ ಬಿಟ್ಟು ಅಂಗಡಿ ಇಟ್ಟವರು, ಕಟ್ಟಡದ ಕೆಲಸ ಬಿಟ್ಟು ವಾಚ್‌ಮನ್ ಆದವರು, ನನ್ನ ಹಾಗೆ ಎಸಿ ರೂಮಿನಲ್ಲಿ ಕೂತು ಮಾತಾಡೋರು, ನಾವೆಲ್ಲ ಇನ್ನೂ ನಮ್ಮ ಅಪ್ಪ-ಅಜ್ಜ ಬೆವರಿಗೆ ತಿಂದ ಉಪ್ಪನ್ನೇ ತಿಂತಾ ಇದ್ದೀವಿ.

ಸರಿ, ದೀಪಾವಳಿಗೆ ಹೋದೆ. ಕಡಿಮೆ ಸೋಡಿಯಂ ಉಪ್ಪಿನ ನಾಲ್ಕು ಪ್ಯಾಕೆಟ್ ತಗೊಂಡು ಹೋದೆ. ಅತ್ತಿ ಹಳೇ ಡಬ್ಬಿ ತೊಳೆದು ಒಣಗಿಸಿ ಅದಕ್ಕೆ ಹೊಸ ಉಪ್ಪು ತುಂಬಿದರು. ಮಾಮಾ ಎರಡು ತುತ್ತು ಉಂಡು ಮುಖ ಸಿಂಡರಿಸಿದರು. "ಏ ಅಳ್ಯಾ, ಇದೇನ ಉಪ್ಪೋ ಮಾರಾಯಾ? ಎಷ್ಟ ಹಾಕಿದ್ರೂ ನಾಲಿಗಿಗೆ ಹತ್ತವಲ್ದು."

ನಾನು ನಕ್ಕೆ. "ರೂಢಿ ಆಗ್ತೈತಿ ಮಾಮಾ, ತಿನ್ರಿ" ಅಂದೆ. ಬೆಂಗಳೂರಿಗೆ ವಾಪಸ್ ಬಂದೆ. ಮುಂದೆ ಪ್ಯಾಕೆಟ್ ಖಾಲಿ ಆದಾಗಲೆಲ್ಲ ನಾನೇ ಕೊರಿಯರ್ ಮಾಡಿದೆ. ಒಳ್ಳೇ ಕೆಲಸ ಮಾಡ್ತಾ ಇದ್ದೀನಿ ಅನ್ನೋ ಹೆಮ್ಮೆ ಬೇರೆ.

ಶಿವರಾತ್ರಿ ಹೊತ್ತಿಗೆ ಒಂದು ಬೆಳಗಿನ ಜಾವ ಮತ್ತೆ ಫೋನು. ಮಾಮಾಗೆ ಕೈಕಾಲಲ್ಲಿ ಶಕ್ತಿ ಇಲ್ಲ, ಎದೆ ಹೇಗ್ಹೇಗೋ ಬಡ್ಕೊಳ್ತಾ ಇದೆ ಅಂತ. ಬೆಳಗಾವಿಗೆ ಕರ್ಕೊಂಡು ಹೋದರು. ರಕ್ತ ಪರೀಕ್ಷೆ ಮಾಡಿದರೆ ಪೊಟ್ಯಾಸಿಯಂ ಆರು ದಾಟಿದೆ. ಇರಬೇಕಾದ್ದು ಮೂರೂವರೆಯಿಂದ ಐದರ ಒಳಗೆ. ಡಾಕ್ಟರ್ ಕೇಳಿದ ಎರಡನೇ ಪ್ರಶ್ನೆ ಏನು ಗೊತ್ತಾ? "ಮನೆಯಲ್ಲಿ ಉಪ್ಪು ಏನಾದ್ರೂ ಬದಲು ಮಾಡೀರೇನು?"

ಅತ್ತಿ ಹೆಮ್ಮೆಯಿಂದ ಹೇಳಿದರಂತೆ: "ಹೌದ್ರಿ ಸರ್, ನಮ್ಮ ಅಳಿಯ ಟೀವಿಯೊಳಗ ಅದಾನ. ಅವನ ತಂದುಕೊಟ್ಟಾನ."

ಆ ಮಾತು ನೆನಪಾದರೆ ಇವತ್ತಿಗೂ ತಲೆ ತಗ್ಗಿಸ್ತೀನಿ.

ಏನಾಗಿತ್ತು? ನಾನು ಇಂಜಿನಿಯರಿಂಗ್ ಓದಿದವನು, ಡಾಕ್ಟರ್ ಅಲ್ಲ. ನನಗೆ ಅರ್ಥವಾದ ಭಾಷೆಯಲ್ಲಿ ಹೇಳ್ತೀನಿ. ಗೋಕಾಕ ಫಾಲ್ಸ್‌ನಲ್ಲಿ 1887ರ ಸುಮಾರಿಗೇ ನೀರಿನಿಂದ ಕರೆಂಟ್ ತೆಗೆದಿದ್ದರು ಅಂತ ನಾವೆಲ್ಲ ಹೆಮ್ಮೆಯಿಂದ ಹೇಳ್ತೀವಿ. ಮೇಲಿನ ನೀರು ಕೊಳವೆಯಲ್ಲಿ ಕೆಳಗಿಳಿದು ಯಂತ್ರ ತಿರುಗಿಸಬೇಕು. ಕೊಳವೆಗೆ ಇಷ್ಟೇ ಒತ್ತಡ ಅಂತ ಒಂದು ಲೆಕ್ಕ ಇರುತ್ತೆ. ದಿನಾ ಆ ಲೆಕ್ಕ ಮೀರಿ ನೀರು ನುಗ್ಗಿದರೆ ಇವತ್ತು ಒಡೆಯೋದಿಲ್ಲ, ನಾಳೆ ಒಡೆಯೋದಿಲ್ಲ. ಒಂದು ದಿನ ಎಲ್ಲಿ ದುರ್ಬಲ ಇದೆಯೋ ಅಲ್ಲಿ ಒಡೆಯುತ್ತೆ. ನಮ್ಮ ರಕ್ತನಾಳವೂ ಹಾಗೇ. "ಉಪ್ಪು ತಿಂದವನು ನೀರು ಕುಡಿಯಲೇಬೇಕು" ಅಂತೀವಲ್ಲ, ಅದು ಬರೀ ಗಾದೆ ಅಲ್ಲ, ದೇಹದ ನಿಯಮ. ಸೋಡಿಯಂ ನೀರನ್ನು ಹಿಡಿದಿಟ್ಟುಕೊಳ್ಳುತ್ತೆ. ನಾಳದಲ್ಲಿ ಹರಿಯೋ ದ್ರವ ಜಾಸ್ತಿ ಆಗುತ್ತೆ, ಒತ್ತಡ ಏರುತ್ತೆ. ಮಿದುಳಿನ ಸಣ್ಣ ನಾಳ ಒಡೆದರೆ ಅಥವಾ ಕಟ್ಟಿಕೊಂಡರೆ ಅದನ್ನೇ ನಮ್ಮ ಕಡೆ ಲಕ್ವಾ ಹೊಡೀತು ಅಂತೀವಿ.

ಪೊಟ್ಯಾಸಿಯಂ ಇದಕ್ಕೆ ಉಲ್ಟಾ ಕೆಲಸ ಮಾಡುತ್ತೆ. ಸೋಡಿಯಂ ಹೊರಗೆ ಹೋಗೋಕೆ ನೆರವಾಗುತ್ತೆ, ನಾಳ ಸಡಿಲಾಗುತ್ತೆ, ಬಿಪಿ ಇಳಿಯುತ್ತೆ. ಹಾಗಾಗಿ ಈ ಬದಲಿ ಉಪ್ಪಿನಲ್ಲಿ ಡಬಲ್ ಲಾಭ. ಒಂದು ಕಡೆ ಸೋಡಿಯಂ ಕಡಿಮೆ, ಇನ್ನೊಂದು ಕಡೆ ಪೊಟ್ಯಾಸಿಯಂ ಜಾಸ್ತಿ. ಆದರೆ ಹೆಚ್ಚಾದ ಪೊಟ್ಯಾಸಿಯಂ ಹೊರಗೆ ಹಾಕಬೇಕಾದವರು ಯಾರು? ಕಿಡ್ನಿ. ಆ ಕಿಡ್ನಿಯೇ ಸೋತಿದ್ದರೆ? ಪೊಟ್ಯಾಸಿಯಂ ರಕ್ತದಲ್ಲೇ ಉಳಿಯುತ್ತೆ. ಅದು ಮಿತಿ ಮೀರಿದರೆ ಹೃದಯದ ತಾಳವೇ ತಪ್ಪುತ್ತೆ.

ಮಾಮಾನ ಕಿಡ್ನಿ ವರ್ಷಗಳ ಬಿಪಿಯಿಂದ ಆಗಲೇ ಸೋತಿತ್ತು. ಅವರ ಫೈಲಿನಲ್ಲೇ ಕ್ರಿಯಾಟಿನಿನ್ ಜಾಸ್ತಿ ಅಂತ ರಿಪೋರ್ಟ್ ಇತ್ತು. ನಾನು ಉಪ್ಪು ಕೊಟ್ಟೆ, ಫೈಲು ನೋಡಲಿಲ್ಲ. ಅದರ ಮೇಲೆ ಅವರು ತಗೊಳ್ತಾ ಇದ್ದ ಬಿಪಿ ಮಾತ್ರೆ, ಪೊಟ್ಯಾಸಿಯಂ ಏರಿಸೋ ಗುಂಪಿಗೆ ಸೇರಿದ್ದು. ಅದರ ಮೇಲೆ, ಒಳ್ಳೇದು ಅಂತ ದಿನಾ ಒಂದು ಎಳನೀರು, ಅದರಲ್ಲೂ ಪೊಟ್ಯಾಸಿಯಂ. ಅದರ ಮೇಲೆ, ನಾಲಿಗೆಗೆ ಹತ್ತಲಿಲ್ಲ ಅಂತ ಒಂದರ ಬದಲು ಎರಡು ಚಮಚ. ಡಾಕ್ಟರ್ ಸರಿಯಾಗೇ ಹೇಳಿದರು, ಉಪ್ಪೊಂದೇ ಕಾರಣ ಅಲ್ಲ ಅಂತ. ಆದರೆ ಆ ಪಟ್ಟಿಯಲ್ಲಿ ನಾನು ತಂದಿಟ್ಟ ಉಪ್ಪೂ ಇತ್ತು. ಸಮಯಕ್ಕೆ ಹೋಗಿದ್ದರಿಂದ ಮಾಮಾ ಉಳಿದರು.

ಆಮೇಲೆ ನಾನು ಆ ಚೀನಾದ ಸಂಶೋಧನೆಯನ್ನ ಪೂರ್ತಿ ಓದಿದೆ. ಮೊದಲೇ ಓದಬೇಕಿತ್ತು. ಅದರಲ್ಲಿ ಸ್ಪಷ್ಟವಾಗಿ ಬರೆದಿದ್ದರು. ಗಂಭೀರ ಕಿಡ್ನಿ ಕಾಯಿಲೆ ಇದ್ದವರನ್ನು, ಪೊಟ್ಯಾಸಿಯಂ ಉಳಿಸಿಕೊಳ್ಳೋ ಥರದ ಮಾತ್ರೆ ತಗೊಳ್ಳೋರನ್ನು ಅವರು ಸೇರಿಸಿಕೊಂಡೇ ಇರಲಿಲ್ಲ. ಅಷ್ಟೇ ಅಲ್ಲ, ಮನೆಯಲ್ಲಿ ಬೇರೆ ಯಾರಿಗಾದರೂ ಅಂಥ ತೊಂದರೆ ಇದ್ದರೂ ಆ ವ್ಯಕ್ತಿಯನ್ನು ಕೈಬಿಟ್ಟಿದ್ದರು. ಯಾಕೆ? ಯಾಕಂದ್ರೆ ಒಂದು ಮನೆಗೆ ಒಂದೇ ಉಪ್ಪಿನ ಡಬ್ಬಿ. ಸಂಶೋಧಕರಿಗೆ ಅಡುಗೆಮನೆ ಗೊತ್ತಿತ್ತು. ಸುದ್ದಿ ಓದಿದ ನನಗೆ ಗೊತ್ತಿರಲಿಲ್ಲ.

ಈಗ 2025ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದರ ಬಗ್ಗೆ ಮಾರ್ಗಸೂಚಿಯನ್ನೇ ಹೊರಡಿಸಿದೆ. ಮನೆಯಲ್ಲಿ ಉಪ್ಪು ಬಳಸಲೇಬೇಕು ಅನ್ನೋರು ಮಾಮೂಲಿ ಉಪ್ಪಿನ ಬದಲು, ಪೊಟ್ಯಾಸಿಯಂ ಇರೋ ಕಡಿಮೆ ಸೋಡಿಯಂ ಉಪ್ಪು ಬಳಸಬಹುದು ಅಂತ ಹೇಳಿದೆ. ಜೊತೆಗೇ ಹೇಳಿದೆ: ಇದು ಗರ್ಭಿಣಿಯರಿಗೆ ಅಲ್ಲ, ಮಕ್ಕಳಿಗೆ ಅಲ್ಲ, ಕಿಡ್ನಿ ತೊಂದರೆ ಇದ್ದವರಿಗೆ ಅಲ್ಲ, ಪೊಟ್ಯಾಸಿಯಂ ಹೊರಹಾಕೋಕೆ ಅಡ್ಡಿ ಆಗೋ ಬೇರೆ ಸ್ಥಿತಿ ಇರೋರಿಗೂ ಅಲ್ಲ. ಹೋಟೆಲ್ ಮತ್ತು ಪ್ಯಾಕೆಟ್ ತಿಂಡಿಗೂ ಈ ಸಲಹೆ ಅನ್ವಯಿಸಲ್ಲ. ಇವತ್ತು ನಾನು ಎರಡೂ ಅರ್ಧ ಓದಿದ್ದೀನಿ. ದಯವಿಟ್ಟು ಎರಡೂ ಅರ್ಧ ನೆನಪಿಟ್ಟುಕೊಳ್ಳಿ.

ಹಾಗಾದರೆ ಏನು ಮಾಡಬೇಕು? ನೀವು ಆರೋಗ್ಯವಾಗಿದ್ದೀರಾ, ಬಿಪಿ ಇದೆ ಆದರೆ ಕಿಡ್ನಿ ಚೆನ್ನಾಗಿದೆಯಾ? ಡಾಕ್ಟರನ್ನು ಒಂದು ಮಾತು ಕೇಳಿ, ಬದಲಿ ಉಪ್ಪು ನಿಮಗೆ ಒಳ್ಳೇದೇ. ಸಕ್ಕರೆ ಕಾಯಿಲೆ ಹಳೆಯದಾ? ಮೊದಲು ಕ್ರಿಯಾಟಿನಿನ್ ಪರೀಕ್ಷೆ. ಬಿಪಿಗೆ ಟೆಲ್ಮಿಸಾರ್ಟನ್, ಲೋಸಾರ್ಟನ್, ರಾಮಿಪ್ರಿಲ್, ಎನಾಲಾಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಅನ್ನೋ ಹೆಸರಿನ ಮಾತ್ರೆ ತಗೊಳ್ತೀರಾ? ಮಾತ್ರೆ ಬಿಡಬೇಡಿ, ಅದು ಇನ್ನೂ ದೊಡ್ಡ ತಪ್ಪು. ಆದರೆ ಡಾಕ್ಟರನ್ನು ಕೇಳದೆ ಉಪ್ಪು ಬದಲಾಯಿಸಬೇಡಿ. ಪ್ಯಾಕೆಟ್ ಹಿಂದೆ ಪೊಟ್ಯಾಸಿಯಂ ಕ್ಲೋರೈಡ್ ಅಂತ ಇದೆಯಾ ನೋಡಿ. ಅದರಲ್ಲಿ ಅಯೋಡಿನ್ ಇದೆಯಾ ಅದನ್ನೂ ನೋಡಿ.

ಇನ್ನೊಂದು ಮಾತು. ಸೈಂಧವ ಲವಣ, ಗುಲಾಬಿ ಉಪ್ಪು, ಕಪ್ಪು ಉಪ್ಪು. "ನಾವು ಅದನ್ನೇ ತಿನ್ನೋದು, ನಮಗೆ ಬಿಪಿ ಬರಲ್ಲ" ಅನ್ನೋರು ಬಹಳ ಜನ ಇದ್ದಾರೆ. ಸ್ವಾಮಿ, ಬಣ್ಣ ಬೇರೆ, ಬೆಲೆ ಬೇರೆ. ಒಳಗಿರೋದು ಬಹುತೇಕ ಅದೇ ಸೋಡಿಯಂ ಕ್ಲೋರೈಡ್. ಅಯೋಡಿನ್ ಸೇರಿಸದ ಉಪ್ಪಾದರೆ ಗಳಗಂಡದ ಭಯವೂ ಉಚಿತ.

ಈಗ ಒಂದು ಲೆಕ್ಕ. ಒಬ್ಬ ವಯಸ್ಕನಿಗೆ ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ ಉಪ್ಪು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಅಂದರೆ ಒಂದು ಸಣ್ಣ ಟೀ ಚಮಚ. ನಮ್ಮ ದೇಶದಲ್ಲಿ 2017-18ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಾವು ತಿನ್ನೋದು ಸರಾಸರಿ ಎಂಟು ಗ್ರಾಮ್. ನಿಮ್ಮ ಮನೆಯ ಲೆಕ್ಕ ನೀವೇ ಹಾಕಿ. ನಾಲ್ಕು ಜನ ವಯಸ್ಕರು, ತಲಾ ಐದು ಗ್ರಾಮ್, ಮೂವತ್ತು ದಿನ. 600 ಗ್ರಾಮ್ ಆಯ್ತು. ನಿಮ್ಮ ಮನೆಗೆ ತಿಂಗಳಿಗೆ ಒಂದು ಕೆಜಿ ಬೇಕಾ? ಹಾಗಾದರೆ ತಲಾ ಎಂಟು ಗ್ರಾಮ್ ದಾಟಿತು. ಹೊರಗಿಂದ ತಂದ ಉಪ್ಪಿನಕಾಯಿ, ಹಪ್ಪಳ, ಚೂಡಾ, ಬೇಕರಿ ಖಾರಾ ಇದರಲ್ಲಿ ಸೇರಿಲ್ಲ. ಸಂಜೆಯ ಮಿರ್ಚಿ ಭಜಿಯೂ ಸೇರಿಲ್ಲ. ಭಜಿಗೆ ಹಾಕೋ ಸೋಡಾದಲ್ಲೂ ಸೋಡಿಯಂ ಇದೆ ಅನ್ನೋದು ನೆನಪಿರಲಿ.

ಪ್ಯಾಕೆಟ್ ತಿಂಡಿಯ ಹಿಂದೆ ಉಪ್ಪು ಅಂತ ಬರೆದಿರಲ್ಲ, ಸೋಡಿಯಂ ಇಷ್ಟು ಮಿಲಿಗ್ರಾಮ್ ಅಂತ ಇರುತ್ತೆ. ಅದನ್ನ ಎರಡೂವರೆಯಿಂದ ಗುಣಿಸಿ. 800 ಮಿಲಿಗ್ರಾಮ್ ಸೋಡಿಯಂ ಅಂದರೆ ಎರಡು ಗ್ರಾಮ್ ಉಪ್ಪು. ಒಂದು ಪೊಟ್ಟಣದಲ್ಲಿ ದಿನದ ಅರ್ಧಕ್ಕೆ ಹತ್ತಿರ ಮುಗೀತು.

ಬದಲಿ ಉಪ್ಪು ತಗೊಂಡ ಮಾತ್ರಕ್ಕೂ ಲೆಕ್ಕ ಮುಗಿಯಲ್ಲ. ಚೀನಾದಲ್ಲಿ ಕೊಟ್ಟ ಥರದ ಉಪ್ಪನ್ನೇ ಎಂಟು ಗ್ರಾಮ್ ತಿಂದರೆ, ಅದರಲ್ಲಿ ಮಾಮೂಲಿ ಉಪ್ಪು ಆರು ಗ್ರಾಮ್. ಇನ್ನೂ ಐದರ ಮೇಲೇ ಇದ್ದೀವಿ. ರುಚಿ ಇಲ್ಲ ಅಂತ ಕೈ ಜಾಸ್ತಿ ಮಾಡಿದರೆ ಮತ್ತೆ ಎಂಟು. ಅಂದರೆ ಪ್ಯಾಕೆಟ್ ಬದಲಾದರೂ ಕೈ ಬದಲಾಗಲೇಬೇಕು. ಕೈ ಬದಲಾಯಿಸೋಕೆ ಡಾಕ್ಟರ್ ಚೀಟಿ ಬೇಡ, ದುಡ್ಡೂ ಬೇಡ.

ನಮ್ಮ ಉತ್ತರ ಕರ್ನಾಟಕದ ಊಟದಲ್ಲಿ ಒಂದು ಅನುಕೂಲ ಇದೆ. ಬಹಳ ಮನೆಗಳಲ್ಲಿ ಜೋಳದ ರೊಟ್ಟಿಗೆ ಉಪ್ಪೇ ಹಾಕಲ್ಲ. ಹೊಟ್ಟೆ ತುಂಬಿಸೋ ರೊಟ್ಟಿಯಲ್ಲಿ ಉಪ್ಪಿಲ್ಲ, ಅದರ ಬಳಗದಲ್ಲಿ ಉಪ್ಪು. ಹಾಗಾಗಿ ರೊಟ್ಟಿ ಬಿಡಬೇಕಾಗಿಲ್ಲ, ಬಳಗ ಕಡಿಮೆ ಮಾಡಿದರೆ ಸಾಕು. ತಾಟಿನ ಮೂಲೆಯ ಉಪ್ಪು ತೆಗೀರಿ. ಉಪ್ಪಿನಕಾಯಿ ಇದ್ದ ದಿನ ರಂಜಕ ಬೇಡ. ಹುಳಿ, ಬೆಳ್ಳುಳ್ಳಿ, ನಿಂಬೆಹಣ್ಣು ಸ್ವಲ್ಪ ಮುಂದೆ ಬರಲಿ. ಒಂದೇ ದಿನ ಅರ್ಧ ಮಾಡಬೇಡಿ, ಮನೆಯಲ್ಲಿ ಜಗಳ ಆಗುತ್ತೆ. ವಾರಕ್ಕೆ ಸ್ವಲ್ಪ ಸ್ವಲ್ಪ ಇಳಿಸಿ. ಕೆಲವು ವಾರದಲ್ಲಿ ನಾಲಿಗೆ ಹೊಂದಿಕೊಳ್ಳುತ್ತೆ. ಆಮೇಲೆ ಹಳೇ ಅಳತೆಯ ಸಾರು ಬಾಯಿಗಿಟ್ಟರೆ "ಅಯ್ಯೋ, ಉಪ್ಪಾತು" ಅಂತ ನೀವೇ ಅಂತೀರಿ.

ಕೊನೆಯ ಮಾತು ಸರ್ಕಾರಕ್ಕೆ. 1930ರ ಏಪ್ರಿಲ್ 13ರಂದು ಅಂಕೋಲಾದಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ನಮ್ಮ ಜನ ಉಪ್ಪಿನ ಕಾನೂನು ಮುರಿದರು. ಬಡವನ ಉಪ್ಪಿನ ಮೇಲೆ ತೆರಿಗೆ ಬೇಡ ಅನ್ನೋದು ಆ ಹೋರಾಟದ ತಿರುಳು. ಇವತ್ತು ಉಪ್ಪಿನ ಮೇಲೆ ಬ್ರಿಟಿಷರ ತೆರಿಗೆ ಇಲ್ಲ. ಆದರೆ ಆರೋಗ್ಯದ ಉಪ್ಪು ಮಾಮೂಲಿ ಉಪ್ಪಿಗಿಂತ ತುಟ್ಟಿ. ಕೊಣ್ಣೂರಿನ ಕಿರಾಣಿ ಅಂಗಡಿಯಲ್ಲಿ ಅವತ್ತು ಅದು ಸಿಗಲೇ ಇಲ್ಲ. ಪಕ್ಕದ ತಮಿಳುನಾಡು 2014ರಲ್ಲೇ ಸರ್ಕಾರದ ಉಪ್ಪು ನಿಗಮದ ಮೂಲಕ ಅಮ್ಮಾ ಉಪ್ಪು ತಂದಾಗ, ಅದರಲ್ಲಿ ಕಡಿಮೆ ಸೋಡಿಯಂ ಉಪ್ಪೂ ಇತ್ತು, ಕೆಜಿಗೆ 21 ರೂಪಾಯಿ. ಮಾಮೂಲಿ ಅಯೋಡಿನ್ ಉಪ್ಪು 10 ರೂಪಾಯಿ. ಸರ್ಕಾರದ ಅಂಗಡಿಯಲ್ಲೂ ಎರಡು ಪಟ್ಟು ಬೆಲೆ ಇತ್ತು ನಿಜ, ಆದರೆ ಸಿಗ್ತಾ ಇತ್ತಲ್ಲ?

ನಮ್ಮ ರಾಜ್ಯವೂ ಒಂದು ಕಾಲಕ್ಕೆ ರೇಷನ್ ಅಂಗಡಿಯಲ್ಲಿ ಅಕ್ಕಿಯ ಜೊತೆ ಅಯೋಡಿನ್ ಉಪ್ಪು ಕೊಟ್ಟಿದೆ. ಈಗ ಗೃಹ ಆರೋಗ್ಯ ಅಂತ ಮನೆ ಬಾಗಿಲಿಗೆ ಬಂದು ಬಿಪಿ, ಶುಗರ್ ನೋಡೋ ಯೋಜನೆ 2024ರಲ್ಲಿ ಕೋಲಾರದಿಂದ ಶುರುವಾಗಿದೆ. ಈ ಎರಡನ್ನೂ ಜೋಡಿಸಿ ನೋಡಿ. ಬಿಪಿ ನೋಡೋರು ಕಿಡ್ನಿಯ ಪರೀಕ್ಷೆಯನ್ನೂ ಮಾಡಿಸಲಿ. ಯಾರಿಗೆ ಹೊಂದುತ್ತೋ ಅವರಿಗೆ ಕಡಿಮೆ ಬೆಲೆಗೆ ಬದಲಿ ಉಪ್ಪು ಸಿಗಲಿ. ಯಾರಿಗೆ ಹೊಂದಲ್ಲವೋ ಅವರಿಗಾಗಿ ಪ್ಯಾಕೆಟ್ ಮೇಲೆ ದಪ್ಪ ಕನ್ನಡ ಅಕ್ಷರದಲ್ಲಿ "ಕಿಡ್ನಿ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ಬಳಸಬೇಡಿ" ಅಂತ ಇರಲಿ. ನಮ್ಮ ಅತ್ತಿಗೆ ಕನ್ನಡ ಓದೋಕೆ ಬರುತ್ತೆ. ಹಿಂಬದಿಯ ಸಣ್ಣ ಇಂಗ್ಲಿಷ್ ಅಕ್ಷರ ಓದೋಕೆ ಬರಲ್ಲ. ಓದೋಕೆ ಬರೋ ನಾನೂ ಓದಲಿಲ್ಲ ಅನ್ನೋದು ಬೇರೆ ಮಾತು.

ಮಾಮಾ ಈಗ ಹೇಗಿದ್ದಾರೆ? ಚೆನ್ನಾಗಿದ್ದಾರೆ. ಮನೆಗೆ ಮತ್ತೆ ಮಾಮೂಲಿ ಅಯೋಡಿನ್ ಉಪ್ಪೇ ಬಂದಿದೆ, ಆದರೆ ಅಳತೆ ಡಾಕ್ಟರದು. ಮೊದಲು ಇಬ್ಬರಿಗೆ ಒಂದು ಕೆಜಿ ಒಂದೂವರೆ ತಿಂಗಳಿಗೆ ಮುಗೀತಿತ್ತು. ಈಗ ಅತ್ತಿ ಪ್ಯಾಕೆಟ್ ಒಡೆದ ದಿನ ಕ್ಯಾಲೆಂಡರ್ ಮೇಲೆ ಗೆರೆ ಹಾಕ್ತಾರೆ. ಮೊನ್ನೆ ಫೋನ್ ಮಾಡಿದ್ದರು. "ತಮ್ಮಾ, ಈ ಸಲ ಎರಡೂವರಿ ತಿಂಗಳು ಬಂತು ನೋಡು. ಮೂರು ತಿಂಗಳು ದಾಟಸ್ತೇನಿ."

ಹಿಂದಿನಿಂದ ಮಾಮಾನ ದನಿ ಕೇಳಿಸ್ತು: "ಅವಗ ಹೇಳು, ಇನ್ನ ಮ್ಯಾಲ ಸುದ್ದಿ ಪೂರ್ತಿ ಓದು ಅಂತ."

ಓದ್ತೀನಿ ಮಾಮಾ.

ನೀವೂ ಇವತ್ತು ರಾತ್ರಿ ಮಲಗೋ ಮುಂಚೆ ಒಂದು ಕೆಲಸ ಮಾಡಿ. ಅಪ್ಪ-ಅಮ್ಮನ ಹಳೇ ರಿಪೋರ್ಟ್ ಫೈಲು ತೆಗೆದು ಕ್ರಿಯಾಟಿನಿನ್ ಎಷ್ಟಿದೆ ನೋಡಿ. ಫೈಲಿನಲ್ಲಿ ಆ ಪರೀಕ್ಷೆಯೇ ಇಲ್ಲದಿದ್ದರೆ ಈ ವಾರ ಮಾಡಿಸಿ. ಅದಾದ ಮೇಲೆ ಉಪ್ಪಿನ ಡಬ್ಬಿಯ ಬಗ್ಗೆ ತೀರ್ಮಾನ ಮಾಡಿ.